ಫ್ರಾವ್ ಚೋ ಅವರ ಪಕ್ಷ

ಬಾಡಿಗೆ ಮನೆ ನೋಡಲು ಹೋದಾಗ ಆ ಅಜ್ಜಿ ಸಂಬಳ ಕೇಳಲಿಲ್ಲ, ನಾಯಿ ಬೆಕ್ಕು ಇವೆಯೇ ಎಂದೂ ಕೇಳಲಿಲ್ಲ. ನನ್ನನ್ನೇ ದಿಟ್ಟಿಸಿ ನೋಡಿ, "ನಿನ್ನ ದೇಶದಲ್ಲಿ ಓಟು ಹಾಕಿದ್ದೀಯಾ?" ಎಂದರು.

ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ಅದು ನಾವು ನೋಡಿದ ಎಷ್ಟನೆಯ ಮನೆಯೋ. ಇಲ್ಲಿ ಮನೆ ನೋಡುವುದಕ್ಕೆ ಬೆಸಿಖ್ಟಿಗುಂಗ್ ಎನ್ನುತ್ತಾರೆ. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಬಿಗಿ. ನನ್ನ ತಲೆಯ ಮೇಲಿನ ಸ್ಕಾರ್ಫ್ ಕಂಡ ಕೂಡಲೇ ಕೆಲವರ ಮನೆ ಅಷ್ಟರಲ್ಲೇ ಬೇರೆಯವರ ಪಾಲಾಗಿಬಿಡುತ್ತಿತ್ತು. ಗದಗಿನಲ್ಲಿ ತಪ್ಪದೆ ಓಟು ಹಾಕುತ್ತಿದ್ದೆ ಎಂದು ನನ್ನ ಹರಕು ಜರ್ಮನ್‌ನಲ್ಲಿ ಹೇಳಿದೆ. ಅಜ್ಜಿ ಕೀಲಿ ಕೈಗಿಟ್ಟರು. ನನ್ನ ಗಂಡ ಇಮ್ತಿಯಾಜ್ ಮೆಟ್ಟಿಲಿಳಿಯುತ್ತಾ ನಗುತ್ತಲೇ ಇದ್ದ.

ಅವರು ಫ್ರಾವ್ ಚೋ, ಅಂದರೆ ಚೋ ಅಮ್ಮನವರು. ಜರ್ಮನ್ನರಲ್ಲ, ದಕ್ಷಿಣ ಕೊರಿಯಾದವರು. ಜರ್ಮನಿಯ ಆಸ್ಪತ್ರೆಗಳಿಗೆ ದಾದಿಯರು ಸಾಲದಿದ್ದ ಕಾಲದಲ್ಲಿ ಕೊರಿಯಾದಿಂದ ಬಂದ ಹುಡುಗಿಯರಲ್ಲಿ ಅವರೂ ಒಬ್ಬರು. ಕೆಳಗಿನ ಮನೆ ಅವರದು, ಮೇಲಿನದು ನಮ್ಮದು. ಈ ಸೀಮೆಯಲ್ಲಿ ಕೇರ್‌ವೋಖೆ ಎಂಬುದೊಂದಿದೆ. ಸರದಿಯ ವಾರದಲ್ಲಿ ಮೆಟ್ಟಿಲು, ಅಂಗಳ ಎಲ್ಲ ಗುಡಿಸಿ ಒರೆಸಬೇಕು. ನಾನು ಗದಗಿನ ಅಭ್ಯಾಸದಂತೆ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆದೆ. ಎದುರುಮನೆಯ ಜರ್ಮನ್ ಹೆಂಗಸು ಮುಖ ಗಂಟಿಕ್ಕಿದಳು, ಫ್ರಾವ್ ಚೋ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾವೂ ಮೊದಲ ವರ್ಷ ಹಾಗೆಯೇ ಮಾಡಿದ್ದರಂತೆ.

ಚಳಿಗಾಲಕ್ಕೆ ಮುಂಚೆ ಎಲೆಕೋಸಿಗೆ ಉಪ್ಪು ಹಚ್ಚಿ ಕಿಮ್ಚಿ ಹಾಕುವಾಗ ನನ್ನನ್ನು ಕರೆಯುತ್ತಿದ್ದರು. ಕಿಮ್ಚಿ ಎಂದರೆ ಅವರ ಉಪ್ಪಿನಕಾಯಿ. ಒಬ್ಬರೇ ಹಾಕುವಂಥದ್ದಲ್ಲ, ನಮ್ಮಲ್ಲಿ ಓಣಿಯವರೆಲ್ಲ ಸೇರಿ ಶಾವಿಗೆ ಹೊಸೆದಂತೆ ಅದು. ಕೈ ಖಾರವಾಗುತ್ತಿದ್ದಂತೆ ಅವರ ಬಾಯಿ ತಮ್ಮ ಪಕ್ಷದ ಕಥೆಗೆ ತಿರುಗುತ್ತಿತ್ತು. ಸೈನ್ಯದ ಆಡಳಿತವನ್ನು ಎದುರಿಸಿ ಬೆಳೆದ ಉದಾರವಾದಿ ಪಕ್ಷ ಅದು. ಒಡೆಯಿತು, ಕೂಡಿತು, ಮತ್ತೆ ಒಡೆಯಿತು. ನಮ್ಮಲ್ಲಿ ಪಕ್ಷ ಒಡೆದರೆ ಹೆಸರಿನ ಬಾಲಕ್ಕೆ ಆವರಣ ಹಾಕಿ ಒಂದು ಅಕ್ಷರ ಸೇರಿಸುತ್ತಾರೆ. ಅವರಲ್ಲಿ ಹೆಸರೇ ಹೊಸದಾಗುತ್ತದೆ. ಎಷ್ಟು ಹೆಸರು ಎಂದು ಕೇಳಿದರೆ ಅವರಿಗೇ ಲೆಕ್ಕ ತಪ್ಪುತ್ತಿತ್ತು. ಹೆಸರು ಏನಾದರೂ ಇರಲಿ, ಅವರಿಗೆ ಅದು ಬರೀ 'ನಮ್ಮ ಪಕ್ಷ'.

ಒಂದು ಕಡೆ ಬಂದಾಗ ಮಾತ್ರ ಅವರ ಕೈ ನಿಲ್ಲುತ್ತಿತ್ತು. ಜನ ಬೀದಿಗಿಳಿದು, ಅಧ್ಯಕ್ಷರನ್ನು ತಾವೇ ನೇರವಾಗಿ ಆರಿಸುವ ಹಕ್ಕನ್ನು ಸೈನ್ಯದವರಿಂದ ಕಸಿದುಕೊಂಡರು. ಆಗ ಪಕ್ಷದ ಇಬ್ಬರು ದೊಡ್ಡ ನಾಯಕರಲ್ಲಿ ಒಬ್ಬರೂ ಹಿಂದೆ ಸರಿಯಲಿಲ್ಲ. ಇಬ್ಬರೂ ನಿಂತರು, ಓಟು ಒಡೆಯಿತು, ಗೆದ್ದವನು ಮತ್ತೆ ಸೈನ್ಯದವರ ಮನುಷ್ಯ. ಕೆಲವು ವರ್ಷಗಳ ನಂತರ ಅವರಲ್ಲಿ ಒಬ್ಬರು ತಮ್ಮ ಗುಂಪನ್ನು ಆ ಸೈನ್ಯದವರ ಪಕ್ಷಕ್ಕೇ ಸೇರಿಸಿಬಿಟ್ಟರು.

"ಅವತ್ತು ಹಾನ್ ಕೇಕ್ ಮಾಡಿ ಹಂಚಿದಳು," ಎಂದರು ಫ್ರಾವ್ ಚೋ. ಮತ್ತೆ ಎಲೆಕೋಸಿಗೆ ಖಾರ ಹಚ್ಚತೊಡಗಿದರು.

ಹಾನ್ ಯಾರೆಂದು ನನಗೆ ಗೊತ್ತಾದದ್ದು ಕೊರಿಯಾದ ರಾಜಧಾನಿ ಸೋಲ್ ನಗರದಲ್ಲಿ ಮಿಲಿಟರಿ ಕಾನೂನು ಘೋಷಿಸಿದ ಚಳಿಗಾಲದ ದಿನ. ಅವತ್ತು ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮಧ್ಯಾಹ್ನ ಕೆಳಗೆ ಬಾಗಿಲು ಬಡಿಯುವ ಸದ್ದು ನಿಲ್ಲಲೇ ಇಲ್ಲ. ಇಳಿದು ನೋಡಿದರೆ ಒಬ್ಬ ಅಜ್ಜಿ, ಕೋಟಿನ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡು, ಮುಚ್ಚಿದ ಬಾಗಿಲಿಗೆ "ಒನ್ನಿ, ಒನ್ನಿ" ಎನ್ನುತ್ತಿದ್ದಾರೆ. ಒನ್ನಿ ಎಂದರೆ ಅಕ್ಕ. ಒಳಗೆ ಟಿವಿಯ ಸದ್ದಿತ್ತು, ಬಾಗಿಲು ತೆರೆಯಲಿಲ್ಲ. ಅವರನ್ನು ಮೇಲೆ ಕರೆತಂದು ಚಹಾ ಕೊಟ್ಟೆ. ಆ ಕಾನೂನು ರದ್ದು ಮಾಡಲು ಸಂಸತ್ತಿನ ಸದಸ್ಯರು ಗೋಡೆ ಹತ್ತಿ ಒಳಗೆ ಹೋಗುವುದನ್ನು ಅವರು ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿದರು. ಅದೇ ಸುದ್ದಿ, ಅದೇ ದನಿ ನೆಲದ ಕೆಳಗಿನಿಂದಲೂ ಕೇಳುತ್ತಿತ್ತು.

ಫ್ರಾವ್ ಹಾನ್ ಅವತ್ತು ಎಲ್ಲವನ್ನೂ ಹೇಳಿದರು. ಇಬ್ಬರೂ ಒಂದೇ ವಿಮಾನದಲ್ಲಿ ಬಂದವರು, ದಾದಿಯರ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಚೋ ಅವರ ತಮ್ಮನನ್ನು ಅವರ ಊರಿನ ಬೀದಿಯಲ್ಲೇ ಸೈನಿಕರು ಗುಂಡಿಟ್ಟು ಕೊಂದಾಗ ಅವರನ್ನು ತಬ್ಬಿಕೊಂಡು ಕೂತಿದ್ದವರು ಇದೇ ಹಾನ್. ಆದರೆ ಸೈನ್ಯದವರ ಜೊತೆ ಸೇರಿದ ಆ ನಾಯಕ ಹಾನ್ ಅವರ ಸೀಮೆಯವನು. ನಮ್ಮವನು ಕೊನೆಗೂ ಅಧ್ಯಕ್ಷನಾಗುತ್ತಾನೆ ಎಂಬ ಖುಷಿಯಲ್ಲಿ ಕೇಕ್ ಮಾಡಿದೆ, ಅವಳ ತಮ್ಮನ ನೆನಪೇ ಆಗಲಿಲ್ಲ ಎಂದು ಅತ್ತರು. ಒಂದೇ ಊರಿನಲ್ಲಿದ್ದೂ ಅಂದಿನಿಂದ ಮಾತಿಲ್ಲ.

ನನಗೆ ಸುಮ್ಮನಿರಲಾಗಲಿಲ್ಲ. ನಮ್ಮಲ್ಲಿ ವರ್ಷವಿಡೀ ಮುಖ ತಿರುಗಿಸಿಕೊಂಡವರೂ ಈದ್ ದಿನ ತಬ್ಬಿಕೊಳ್ಳುತ್ತಾರೆ. ಮನೆಗೆ ಬಂದವರನ್ನು ಅವತ್ತು ಯಾರೂ ತಿರಸ್ಕರಿಸುವುದಿಲ್ಲ. ಆ ಸಲದ ಈದ್‌ಗೆ ಒಬ್ಬರಿಗೆ ಹೇಳದೆ ಇನ್ನೊಬ್ಬರನ್ನು ಮನೆಗೆ ಕರೆದೆ. ಫ್ರಾವ್ ಚೋ ಹಾಲು ಶಾವಿಗೆಯ ಸುರಕುಂಬಾದ ಬಟ್ಟಲು ಹಿಡಿದು ಕೂತಿದ್ದಾಗ ಫ್ರಾವ್ ಹಾನ್ ಒಳಗೆ ಬಂದರು. ನಾನು ನಗುನಗುತ್ತಾ ಇಬ್ಬರ ಕೈ ಹಿಡಿದೆ.

ಫ್ರಾವ್ ಚೋ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು. "ಸಬೀಹಾ, ಇದು ನಿನ್ನ ಹಬ್ಬ. ನನ್ನ ತಮ್ಮನಿಗೆ ಹಬ್ಬವಿಲ್ಲ," ಎಂದು ಇಳಿದು ಹೋದರು. ಫ್ರಾವ್ ಹಾನ್ ಏನೂ ತಿನ್ನದೆ ಹೋದರು.

"ಎಲ್ಲಾರ ಮನ್ಯಾಗೂ ನಮ್ಮ ಓಣಿ ಪದ್ಧತಿ ನಡಿಯೂದಿಲ್ಲ," ಎಂದ ಇಮ್ತಿಯಾಜ್. "ಆಕಿ ತಮ್ಮ ಸತ್ತಾನ. ನೀ ಅದನ್ನ ಜಗಳ ಅನ್ಕೊಂಡಿ."

ಅವತ್ತು ನಾನು ಅತ್ತಾಗ ಮಗಳು ಆಯಿಷಾ ಜರ್ಮನ್‌ನಲ್ಲಿ ಸಮಾಧಾನ ಹೇಳಿದಳು. ಅದು ನನ್ನ ಮನಸ್ಸಿಗೆ ಹತ್ತಲೇ ಇಲ್ಲ. ಅಳುವಾಗಲಾದರೂ ಮಗಳ ಬಾಯಲ್ಲಿ ಕನ್ನಡವೋ ಉರ್ದುವೋ ಕೇಳಬೇಕೆನಿಸಿತು.

ಮಿಲಿಟರಿ ಕಾನೂನು ತಂದ ಅಧ್ಯಕ್ಷನನ್ನು ಕೆಳಗಿಳಿಸಿದ್ದರಿಂದ, ಬೇಸಿಗೆ ಹತ್ತಿರವಾದಾಗ ಕೊರಿಯಾದಲ್ಲಿ ಮತ್ತೆ ಚುನಾವಣೆ ಬಂತು. ಹೊರದೇಶದಲ್ಲಿರುವ ಕೊರಿಯನ್ನರು ದೂತಾವಾಸದಲ್ಲಿ ಮೊದಲೇ ಓಟು ಹಾಕಬಹುದು. ನಮಗೆ ಹತ್ತಿರವಿದ್ದದ್ದು ಫ್ರಾಂಕ್‌ಫರ್ಟ್. ಫ್ರಾವ್ ಚೋ ಅವರನ್ನು ನಮ್ಮ ಕಾರಿನಲ್ಲಿ ಕರೆದೊಯ್ಯುತ್ತೇವೆಂದು ನಾನು, ಇಮ್ತಿಯಾಜ್ ಹೇಳಿದ್ದೆವು. ಅವರು ಜೀವನವಿಡೀ ಇಲ್ಲೇ ಕಳೆದರೂ ಕೊರಿಯಾದ ಪಾಸ್‌ಪೋರ್ಟ್ ಬಿಟ್ಟಿರಲಿಲ್ಲ. ಹೊರಗಿನವರಿಗೆ ಓಟೇ ಇಲ್ಲದ ಕಾಲದಲ್ಲೂ ಎಂದಾದರೂ ಬಂದೀತೆಂದು ಇಟ್ಟುಕೊಂಡಿದ್ದರು. ಫ್ರಾವ್ ಹಾನ್ ಎಂದೋ ಜರ್ಮನ್ ಪ್ರಜೆಯಾಗಿದ್ದರು, ಅವರಿಗೆ ಓಟಿಲ್ಲ. ಆದರೂ ನನಗೆ ಫೋನ್ ಮಾಡಿ, ಕಾರಿನಲ್ಲಿ ಸುಮ್ಮನೆ ಜೊತೆಗೆ ಬರಲೇ, ಹೊರಗೆ ನಿಂತಿರುತ್ತೇನೆ ಎಂದು ಕೇಳಿದರು. ಈ ಸಲ ನಾನು ಜಾಣತನ ಮಾಡಲಿಲ್ಲ. ಹೋಗಿ ಫ್ರಾವ್ ಚೋ ಅವರನ್ನೇ ಕೇಳಿದೆ. "ಹಿಂದಿನ ಸೀಟಿನಲ್ಲಿ ಕೂರಲಿ," ಎಂದರು.

ಭಾನುವಾರ, ಓಟಿನ ಕೊನೆಯ ದಿನ. ಫ್ರಾವ್ ಚೋ ಬುತ್ತಿ ಕಟ್ಟಿಕೊಂಡು ಬಂದಿದ್ದರು, ಮೂರು ಜನಕ್ಕಲ್ಲ, ನಾಲ್ವರಿಗೆ. ಫ್ರಾವ್ ಹಾನ್ ಅವರ ಮನೆಯ ಮುಂದೆ ಬೆಲ್ ಒತ್ತಿದೆವು. ಪಕ್ಕದ ಮನೆಯವರು ಬಂದು, ರಾತ್ರಿ ಮೆದುಳಿನಲ್ಲಿ ರಕ್ತಸ್ರಾವವಾಗಿ ಆಂಬುಲೆನ್ಸ್‌ನಲ್ಲಿ ಒಯ್ದರು ಎಂದರು.

ಆಸ್ಪತ್ರೆಯಲ್ಲಿ ಅವರಿಗೆ ಪ್ರಜ್ಞೆ ಇರಲಿಲ್ಲ. ಫ್ರಾವ್ ಚೋ ನಿಂತಲ್ಲೇ ದಾದಿಯಾದರು. ದಿಂಬು ಸರಿಪಡಿಸಿದರು, ತುಟಿಗೆ ಒದ್ದೆ ಹತ್ತಿ ಒತ್ತಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಕೊರಿಯನ್‌ನಲ್ಲಿ ಮಾತಾಡತೊಡಗಿದರು. ಮಾತು ನಿಲ್ಲಲೇ ಇಲ್ಲ. ಏನು ಹೇಳಿದರೋ ನನಗೆ ಗೊತ್ತಿಲ್ಲ, ಕೇಳಬೇಕಾದವರಿಗೂ ಕೇಳಿಸಲಿಲ್ಲ. ಈಗ ಹೊರಟರೂ ಓಟು ಹಾಕಬಹುದು ಎಂದು ಇಮ್ತಿಯಾಜ್ ಮೆಲ್ಲಗೆ ನೆನಪಿಸಿದ. ಫ್ರಾವ್ ಚೋ ಬೇಡವೆಂದು ತಲೆಯಾಡಿಸಿದರು, ಹಿಡಿದ ಕೈ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಫ್ರಾವ್ ಹಾನ್ ಕಣ್ಣು ತೆರೆಯದೆಯೇ ಹೋದರು.

ಚುನಾವಣೆಯಲ್ಲಿ 'ನಮ್ಮ ಪಕ್ಷ' ಗೆದ್ದಿತು. ಅವತ್ತು ಕೆಳಗಿನ ಮನೆಯಿಂದ ಟಿವಿಯ ಸದ್ದೇ ಬರಲಿಲ್ಲ.

ಅದೇ ವಾರ, ನಾನು ಹಿಂದೆ ಅರ್ಜಿ ಹಾಕಿದ್ದ ಜರ್ಮನ್ ಪೌರತ್ವಕ್ಕೆ ಕರೆಯ ಕಾಗದ ಬಂದಿತ್ತು. ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ನಮ್ಮ ದೇಶ ಒಪ್ಪುವುದಿಲ್ಲ. ಇದನ್ನು ಪಡೆದರೆ ಅದು ಹೋಗುತ್ತದೆ. ಇಲ್ಲಿ ತೆರಿಗೆ ಕಟ್ಟುತ್ತೇನೆ, ಮಗಳು ಇಲ್ಲಿಯವಳೇ ಆಗಿಬಿಟ್ಟಿದ್ದಾಳೆ. ಆದರೂ ಗದಗಿನ ಮತದಾರರ ಪಟ್ಟಿಯಿಂದ ನನ್ನ ಹೆಸರು ಹೋಗುತ್ತದೆ ಎಂದು ಆ ಕಾಗದವನ್ನು ಮತ್ತೆ ಮತ್ತೆ ಮಡಚಿ ಎತ್ತಿಡುತ್ತಿದ್ದೆ. ಯಾವುದನ್ನು ಬಿಡಲಿ ಎಂದು ಫ್ರಾವ್ ಚೋ ಅವರನ್ನೇ ಕೇಳಿದೆ.

ಅವರು ಒಬ್ಬರೇ ಎಲೆಕೋಸು ಹೆಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ನಾನು ದೇಶ ಬಿಡಲಿಲ್ಲ, ಪಕ್ಷ ಬಿಡಲಿಲ್ಲ. ಅವಳನ್ನು ಬಿಟ್ಟೆ," ಎಂದರು. "ನನ್ನನ್ನು ಕೇಳಬೇಡ."