ಲಫ್ತಾನ ಹಾಡಿಗೆ ಜಸ್ಮಿಯಾ ಹೇಳಿದ ಬೆಲೆ

ಸಾವಿನ ಮನೆಗೆ ಹಾಡು ಬರೆದುಕೊಡುವವಳು ಯಾರೆಂದು ಸೂಕ್ ಅಲ್-ಶುಯೂಖ್ ಪೇಟೆಯಲ್ಲಿ ಯಾರನ್ನು ಕೇಳಿದರೂ ಜಸ್ಮಿಯಾಳ ಮನೆ ತೋರಿಸುತ್ತಾರೆ. ಹಾಡುವವಳು ಬೇರೆ, ಫಖ್ರಿಯಾ. ಎದೆ ಬಡಿದುಕೊಂಡು ಹೆಂಗಸರನ್ನೆಲ್ಲ ಅಳಿಸುವ ಗಂಟಲು ಅವಳದು, ಹೊಗಳಿಕೆಯೂ ಅವಳಿಗೇ. ಬರೆದವಳನ್ನು ಸಾವಿನ ಮನೆಯಲ್ಲಿ ಯಾರು ನೆನೆಯುತ್ತಾರೆ?

ಜಸ್ಮಿಯಾಳ ದರ ಊರಿಗೆಲ್ಲ ಗೊತ್ತು. ಮೊಮ್ಮಕ್ಕಳನ್ನು ಕಂಡು ಹೋದ ಮುದುಕರಿಗೆ ಕಡಿಮೆ, ಹಳೆಯ ಸಾಲುಗಳನ್ನೇ ಬಿಚ್ಚಿ ಹೊಲಿದರೆ ನಡೆಯುತ್ತದೆ. ಹರೆಯದವರಿಗೆ ಜಾಸ್ತಿ. ಅಳುವವರ ಹೆಸರುಗಳನ್ನು ಹಾಡಿನಲ್ಲಿ ಸೇರಿಸಬೇಕೆಂದರೆ ಹೆಸರಿಗಿಷ್ಟು ಅಂತ ಬೇರೆ. ಜಿಪುಣ ಸೊಸೆಯರು ಅತ್ತೆಯ ಹೆಸರನ್ನು ಕೈಬಿಡುವುದೂ ಉಂಟು. ಮಗು ಸತ್ತರೆ ಅವಳು ಕಾಸು ಮುಟ್ಟುವುದಿಲ್ಲ. ಸ್ವಂತ ಮನೆಯ ಸಾವಿಗಂತೂ ಯಾರೂ ಮುಟ್ಟುವಂತಿಲ್ಲ, ಅದು ಊರಿನ ಕಟ್ಟಳೆ. ಹಾಡಿಗೆ ಬೆಲೆ ಹೇಳಿದವಳು ಹೊರಗಿನವಳು, ಹೇಳದವಳು ಮನೆಯವಳು. ಹೇಳಿದ ಬೆಲೆಯನ್ನು ಹಿಂದಕ್ಕೆ ತೆಗೆದುಕೊಂಡರೆ ಆ ಮನೆಗೆ ಇನ್ನೊಂದು ಸಾವು ಕರೆದಂತೆ ಎಂದು ನಮ್ಮವರು ಹೆದರುತ್ತಾರೆ.

ಇದು ಹೊಟ್ಟೆಪಾಡಿಗೆ ಹಿಡಿದ ಕೆಲಸ. ಗಂಡ ಲಫ್ತಾ ನದಿಯಾಚೆ ಇನ್ನೊಬ್ಬಳನ್ನು ಮದುವೆಯಾಗಿ ಅಲ್ಲೇ ಉಳಿದುಬಿಟ್ಟ. ತಲಾಖ್ ಕೊಡಲಿಲ್ಲ, ಹಿಟ್ಟಿಗೆ ದುಡ್ಡೂ ಕೊಡಲಿಲ್ಲ. ಮೊದಮೊದಲು ಗಿರಾಕಿಗಳ ಕಣ್ಣೀರು ನೋಡಿ ಜಸ್ಮಿಯಾ ತಾನೂ ಅತ್ತು, ಬೆಲೆ ಹೇಳಲಾಗದೆ ಬರಿಗೈಯಲ್ಲಿ ಕೂರುತ್ತಿದ್ದಳು. ಫಖ್ರಿಯಾಳೇ ಬೈದು ಬೈದು ದಾರಿಗೆ ತಂದಳು.

"ಅವ್ರ ಮುಖ ಯಾಕೆ ನೋಡ್ತೀಯೇ? ಮುಖ ನೋಡಿದ್ರೆ ಬಾಯಿ ಕಟ್ಟುತ್ತೆ. ಕೇಳೋದು ಕೇಳು, ಬರ್ಕೋ, ತಲೆ ಬಗ್ಗಿಸ್ಕೊಂಡೇ ರೇಟು ಹೇಳ್ಬಿಡು."

ಕ್ರಮೇಣ ತಲೆ ಎತ್ತುವುದೇ ಮರೆತುಹೋಯಿತು. ಬರೆದದ್ದು ಊರನ್ನು ಅಳಿಸುತ್ತಿತ್ತು, ಅವಳನ್ನು ತಟ್ಟುತ್ತಿರಲಿಲ್ಲ.

ಲಫ್ತಾ ಸತ್ತನೆಂಬ ಸುದ್ದಿ ಬಂದಾಗ ಅವಳು ತನೂರಿನ ಒಲೆಯಲ್ಲಿ ರೊಟ್ಟಿ ಸುಡುತ್ತಿದ್ದಳು. ಉಳಿದ ಹಿಟ್ಟನ್ನೂ ತಟ್ಟಿ ಸುಟ್ಟು ಮುಗಿಸಿದಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಆದರೆ ಸಂಜೆ ಫಖ್ರಿಯಾ ಬಂದು ಕೂತಾಗ ಒಂದು ಮಾತು ಹೊರಬಿತ್ತು.

"ಆ ಮನೇಲಿ ಒಂದ್ಸಲ ಹೆಂಡ್ತಿಯಾಗಿ ಕೂತ್ಕೋಬೇಕು ಕಣೆ. ಕಾಫಿ ಕೊನೇಗೆ ಬರ್ಬೇಕು ನಂಗೆ."

ಸಾವಿನ ಮನೆಯಲ್ಲಿ ಕಹಿ ಕಾಫಿ ಮೊದಲು ಹೊರಗಿನವರಿಗೆ, ಎಲ್ಲರದೂ ಆದ ಮೇಲೆ ಮನೆಯವರಿಗೆ. ಜಸ್ಮಿಯಾ ಎಲ್ಲೆಡೆ ಮೊದಲ ಬಟ್ಟಲಿನವಳು.

"ಅಷ್ಟೇ ತಾನೆ?" ಎಂದಳು ಫಖ್ರಿಯಾ. "ಹಸ್ನಾ ನಾಳೆ ಹಾಡು ಕೇಳ್ಕೊಂಡು ಬರ್ತಾಳೆ. ಬರ್ಕೊಡು, ಬೆಲೆ ಮಾತ್ರ ಹೇಳ್ಬೇಡ. ನಾನು ಸಾಕ್ಷಿ ಇರ್ತೀನಿ. ಆಮೇಲೆ ನಿನ್ನ ಹೊರಗಿನೋಳು ಅನ್ನೋ ಧೈರ್ಯ ಯಾರಿಗಿದೆ ನೋಡೋಣ."

ಲಫ್ತಾನ ಎರಡನೆಯ ಹೆಂಡತಿ ಹಸ್ನಾ ಮರುದಿನ ಮಧ್ಯಾಹ್ನ ಬಂದಳು. ಮೂವರೂ ಚಾಪೆಯ ಮೇಲೆ ಕೂತರು. ಫಖ್ರಿಯಾ ಜಪದ ತಸ್ಬಿ ಹಿಡಿದು ಮಣಿ ಎಣಿಸುತ್ತಿದ್ದಳು. ಜಸ್ಮಿಯಾ ಹಾಳೆ ಬಿಡಿಸಿ, ತಲೆ ಬಗ್ಗಿಸಿ, ಎಲ್ಲರಿಗೂ ಕೇಳುವುದನ್ನೇ ಕೇಳತೊಡಗಿದಳು. ತೀರಿಕೊಂಡವರ ಹೆಸರು? ತಾಯಿಯ ಹೆಸರು? ಇಷ್ಟದ ತಿನಿಸು?

"ಎಮ್ಮೆ ಕೆನೆ, ಖರ್ಜೂರದ ಪಾಕ," ಎಂದಳು ಹಸ್ನಾ. "ಚಹಾಕ್ಕೆ ಮಾತ್ರ ಸಕ್ಕರೆ ಹಾಕಿಸ್ಕೊಳ್ತಿರ್ಲಿಲ್ಲ."

ಜಸ್ಮಿಯಾ ಬಲ್ಲ ಲಫ್ತಾ ಅರ್ಧ ಲೋಟ ಸಕ್ಕರೆ ಸುರಿದುಕೊಳ್ಳುತ್ತಿದ್ದ. ಅವಳು ಸಕ್ಕರೆಯಿಲ್ಲದ ಚಹಾ ಎಂದು ಬರೆದುಕೊಂಡಳು.

"ಮಲಗೋವಾಗ ಬಾಗಿಲು ಹಾಕಿದೀಯಾ ಅಂತ ದಿನಾ ಕೇಳೋರು. ಮಕ್ಕಳ ಚಪ್ಪಲಿ ಜೋಡಿಸಿಡೋರು."

ಅದನ್ನೂ ಬರೆದುಕೊಂಡಳು. ಒಂದೊಂದು ಉತ್ತರಕ್ಕೂ ಸತ್ತವನು ದೂರವಾಗುತ್ತ ಹೋದ. ಕೊನೆಗೆ ಹಾಳೆಯ ಮೇಲಿದ್ದವನು ನದಿಯಾಚೆಯ ಯಾರೋ ಒಬ್ಬ ಮುದುಕ, ಒಳ್ಳೆಯ ಮುದುಕ.

"ಅಳೋರ ಹೆಸರು?"

"ಅವ್ರ ತಂಗಿ. ಇಬ್ರು ಮಕ್ಕಳು. ಹೆಂಡ್ತಿ..." ಹಸ್ನಾ ಮಾತು ತಡೆದಳು. "ಅದನ್ನ ಆಮೇಲೆ ಹೇಳ್ತೀನಿ. ಬೆಲೆ ಎಷ್ಟು, ಅಕ್ಕಾ?"

"ಮುದುಕರ ದರ, ಐವತ್ತು ಸಾವಿರ ದಿನಾರ್," ಎಂದಳು ಜಸ್ಮಿಯಾ, ಬರೆಯುತ್ತಲೇ. "ಹೆಸರಿಗೆ ಐದೈದು ಸಾವಿರ ಬೇರೆ."

ತಸ್ಬಿಯ ಮಣಿ ನಿಂತಿತು. ಆಗ ಜಸ್ಮಿಯಾ ತಲೆ ಎತ್ತಿದಳು. ತಾನು ಹೇಳಿದ್ದು ಯಾರೋ ಹೇಳಿದಂತೆ ಕಿವಿಗೆ ಬಿದ್ದಿತ್ತು. ಫಖ್ರಿಯಾ ಕಣ್ಣು ಮುಚ್ಚಿಕೊಂಡಿದ್ದಳು.

ಹಸ್ನಾ ಗೆದ್ದವಳಂತೆ ನಗಲಿಲ್ಲ, ಅದಂತೂ ನಿಜ. ಅವಳ ಕಣ್ಣು ಊದಿಕೊಂಡಿತ್ತು. "ನೀವು ಬೆಲೆ ಹೇಳಲ್ಲ ಅಂದ್ಕೊಂಡಿದ್ದೆ," ಎಂದಳು ಮೆಲ್ಲಗೆ. "ಹೆಂಡ್ತೀರು ಅಂತ ಎರಡು ಹೆಸರು ಹಾಕಿ ಅನ್ನೋಣ ಅಂತಲೇ ಬಂದೆ."

"ಈಗ?" ಎಂದು ಕೇಳಿದ್ದು ಫಖ್ರಿಯಾ.

"ಈಗ ನಾನೇನು ಮಾಡ್ಲಿ ಅಕ್ಕಾ? ಮನೇಲಿ ಮಕ್ಕಳಿದಾರೆ. ಬೆಲೆ ಹೇಳಿ ಆಯ್ತಲ್ಲ."

ಜಸ್ಮಿಯಾ ಹಾಳೆಯಲ್ಲಿ ಹಸ್ನಾ ಎಂದು ಬರೆದುಕೊಂಡಳು. ದುಡ್ಡು ಚಾಪೆಯ ಮೇಲೆ ಬಂತು. ಅವಳಿಗೆ ಆಗಲೂ ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದಷ್ಟೇ ಅನ್ನಿಸಿತು.

ಮರುದಿನ ನದಿಯಾಚೆಯ ಮನೆಯಲ್ಲಿ ಫಖ್ರಿಯಾ ಆ ಹಾಡು ಹಾಡಿದಳು. ಮಕ್ಕಳ ಚಪ್ಪಲಿ ಜೋಡಿಸಿಡುತ್ತಿದ್ದನೆಂಬ ಸಾಲು ಬಂದಾಗ ಗೋಡೆಗೊರಗಿದ್ದ ಮುದುಕಿಯರೂ ಕುಸಿದು ಅತ್ತರು. ಅಂಥ ಹಾಡು ಆ ಲಫ್ತಾನಿಗೆ ದಂಡ ಎಂದು ನನಗನ್ನಿಸುತ್ತದೆ, ಆದರೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಜಸ್ಮಿಯಾ ಬಾಗಿಲ ಪಕ್ಕದಲ್ಲಿ ಕೂತಿದ್ದಳು.

ಹಾಡು ಮುಗಿದ ಮೇಲೆ ಹಸ್ನಾಳ ಮಗಳು ಕಾಫಿ ತಂದಳು. ತುಂಬಿದ ಕೋಣೆಯಲ್ಲಿ ಅತ್ತಿತ್ತ ನೋಡದೆ ನೇರವಾಗಿ ಬಾಗಿಲ ಬಳಿ ಬಂದು, ಮೊದಲ ಬಟ್ಟಲನ್ನು ಜಸ್ಮಿಯಾಳಿಗೆ ಕೊಟ್ಟಳು.