ಬರಿಗೊಡದ ಶಕುನ

ಅಬಲೂರಿಗೆ ಹೋಗುವ ದಾರಿಯಲ್ಲೊಂದು ಸಣ್ಣ ಊರು. ಬೆಳಗ್ಗೆ ಶುದ್ಧ ನೀರಿನ ಘಟಕದ ಬಾಗಿಲು ತೆಗೆದ ಹಾಲವ್ವ, ನೀರಿಗೆ ಬಂದ ಹುಡುಗಿ ಅಂಕಿತಾಳ ಕೈಯಿಂದ ಕೊಡ ಕಸಿದುಕೊಂಡು ಗಟಾರದ ಮೇಲೆ ಬೋರಲು ಹಾಕಿದರು. ತಳದಲ್ಲಿದ್ದ ಬೊಗಸೆ ನೀರು ಹರಿದುಹೋಯಿತು.

"ಇದೇನಬೇ ದೊಡ್ಡವ್ವ, ಬರಿಗೊಡ ತಂದ್ರ ಹೊಳ್ಳಿ ಕಳಸ್ತಿದ್ದಿ. ಈಗ ಶಕುನ ಬದಲಾತೇನ?"

"ಬದಲಾತವ್ವ. ತಡಾ ಆತು."

ಘಟಕ ಶುರುವಾದಾಗಿನಿಂದ ಅದನ್ನು ನೋಡಿಕೊಳ್ಳುತ್ತಿರುವವರು ಹಾಲವ್ವ. ಕೊಳವೆಬಾವಿಯ ಸವಳು ನೀರು ಯಂತ್ರದೊಳಗೆ ಹೋಗಿ ನಲ್ಲಿಯಲ್ಲಿ ಸಿಹಿಯಾಗಿ ಬರುತ್ತದೆ. ಯಂತ್ರ ಕೆಡಬಾರದೆಂದು ಅವರೊಂದು ಕಟ್ಟಳೆ ಹಾಕಿದ್ದರು: ಮುಂಜಾನೆ ಯಾರೂ ಬರಿಗೊಡ ಹಿಡಿದು ಎದುರಿಗೆ ಬರಕೂಡದು. ಬರಿಗೊಡ ಎದುರಾದರೆ ಕೆಲಸ ಕೆಡುತ್ತದೆ ಎಂಬುದು ಹಳೆಯ ನಂಬಿಕೆ. ಹೆಂಗಸರು ದಾರಿಯ ಕೆರೆಯಲ್ಲಿ ಒಂದಿಷ್ಟು ನೀರು ತುಂಬಿಕೊಂಡು ಬರುತ್ತಿದ್ದರು. ಅದರ ಮೇಲೆಯೇ ಶುದ್ಧ ನೀರು ಬೀಳುತ್ತಿತ್ತು.

ಈ ಬೇಸಿಗೆಯಲ್ಲಿ ಸವಣೂರಿನ ನಿಖತ ಬಂದರು. ಇಂಥ ಘಟಕಗಳಿಂದ ಊರಿಗೆ ಉಪಯೋಗವಾಗಿದೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಉಪಯೋಗವಾಗದಿದ್ದರೆ ಯಂತ್ರ ಕೊಟ್ಟ ಸಂಸ್ಥೆ ಅದನ್ನು ಬೇರೆ ಊರಿಗೆ ಸಾಗಿಸುತ್ತದೆ. ನಲ್ಲಿಯ ನೀರು ಚೊಕ್ಕಟವಾಗಿತ್ತು. ಮನೆಗಳ ಕೊಡದಲ್ಲಿ ರೋಗಾಣುಗಳಿದ್ದವು. ವಾಂತಿಭೇದಿ ಮೊದಲಿನಷ್ಟೇ ಇತ್ತು. ಹಾಗೆಂದೇ ವರದಿ ಹೋಯಿತು.

ಯಂತ್ರ ಸಾಗಿಸುವ ತೀರ್ಮಾನ ಹೇಳಲು ನಿಖತ ಮತ್ತೆ ಬಂದದ್ದು ಮುಂಜಾನೆ. ಅವರ ಕಣ್ಣೆದುರೇ ಹಾಲವ್ವ ಒಬ್ಬಾಕೆಯನ್ನು ಕೆರೆಗೆ ಕಳಿಸಿದರು.

"ಯಾಕ್ರಿ ಅವ್ವಾರ, ಆಕೀನ್ನ ಕಳಸಿದ್ರಿ?"

"ಬರಿಗೊಡ ತಂದಿದ್ಲರಿ ಬಾಯಾರ. ನೀವು ಬಂದ ಹೊತ್ತಿನ್ಯಾಗ ಬ್ಯಾಡ ಅಂತ."

ಆಕೆ ಕೆರೆಯಿಂದ ತಿರುಗಿ ಬಂದಾಗ ನಿಖತ ಕೊಡದೊಳಗೆ ಇಣುಕಿದರು; ತಳದಲ್ಲಿ ಕೆರೆಯ ನೀರಿತ್ತು. "ನಾ ಯಾವಾಗ್ಲೂ ಮಧ್ಯಾಹ್ನದ ಬಸ್ಸಿಗೇ ಬಂದೆ. ಒಮ್ಮೆನೂ ಮುಂಜಾನೆ ಬರಲಿಲ್ಲ," ಎಂದರು. ಕಾರಣ ವಿವರಿಸಿ ಸಂಸ್ಥೆಗೆ ಮತ್ತೆ ಬರೆದರು. ಬೇರೆ ಊರಿಗೆ ಮಾತು ಕೊಟ್ಟಾಗಿದೆ ಎಂಬ ಉತ್ತರ ಬಂತು.

ಹಾಲವ್ವ ಈಗಲೂ ದಿನಾ ಯಂತ್ರ ಒರೆಸುತ್ತಾರೆ.

"ಮಷೀನ್ ಕೆಡಬಾರ್ದಂತ ಶಕುನ ನೋಡಿದೆ," ಎನ್ನುತ್ತಾರೆ. "ಮಷೀನ್ ಕೆಡ್ಲಿಲ್ಲರಿ."

ಸೋಮವಾರ ಲಾರಿ ಬರುತ್ತದೆ. ಯಂತ್ರ ಶಿಗ್ಗಾಂವ ಕಡೆಯ ಊರೊಂದಕ್ಕೆ ಹೋಗುತ್ತದೆ.