ದೆವ್ವ ಬಿಡಿಸೋ ಪುಸ್ತಕಕ್ಕೆ ಹೊಲಿಗೆ

ಹಳೇ ಪುಸ್ತಕ ಮಾರೋದು ನನ್ನ ಕಸುಬು. ಒಂದು ಸಲ, ಕ್ಯಾಥೊಲಿಕ್ ಪಾದ್ರಿಗಳು ದೆವ್ವ ಬಿಡಿಸೋಕೆ ಬಳಸುತ್ತಿದ್ದ ಲ್ಯಾಟಿನ್ ಪುಸ್ತಕವೊಂದು ಕೈಗೆ ಸಿಕ್ಕಿತು. ಅಜ್ಜನ ಅಜ್ಜನ ಕಾಲದ್ದು, ಹೊಲಿಗೆಯೆಲ್ಲ ಬಿಚ್ಚಿಹೋಗಿತ್ತು. ಗಿರಿನಗರದ ಬೈಂಡರ್ ರುದ್ರಪ್ಪನವರ ಹತ್ತಿರ ಒಯ್ದೆ. ಅವರ ಹಣೆ ತುಂಬ ವಿಭೂತಿ. ನಿಜ ಹೇಳಿದರೆ ಎಲ್ಲಿ ಮುಟ್ಟೋದೇ ಇಲ್ಲವೋ ಅಂತ, "ಯಾವುದೋ ಪ್ರಾರ್ಥನೆ ಪುಸ್ತಕ" ಅಂದುಬಿಟ್ಟೆ.

ರುದ್ರಪ್ಪನವರು ಅದನ್ನು ಕಣ್ಣಿಗೊತ್ತಿಕೊಂಡು ತೆರೆದರು. ಒಂದು ಪುಟದ ಹತ್ತಿರ ಕೈ ನಿಂತಿತು. ಅಲ್ಲಿ ಮೇಣದ ಹನಿಗಳು, ಅಂಚಿನಲ್ಲಿ ಹೆಬ್ಬೆರಳಿನ ಕಪ್ಪು ಕಲೆ.

"ಇದು ಕೂತ್ಕೊಂಡು ಓದೋ ಪುಸ್ತಕ ಅಲ್ಲ ಸಾರ್. ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದರಲ್ಲಿ ಪುಸ್ತಕ. ಮೇಣ ಹೆಂಗೆ ಚೆಲ್ಲಾಡಿದೆ ನೋಡಿ, ಓದಿದೋರ ಕೈ ನಡುಗಿದೆ. ನಿಜವಾಗ್ಲೂ ಏನಿದು?"

ಒಪ್ಪಿಕೊಂಡೆ. ಪುಸ್ತಕ ವಾಪಸ್ ಕೊಡ್ತಾರೆ ಅಂತ ಕೈಯನ್ನೂ ಚಾಚಿದೆ.

"ಮೊದಲೇ ಹೇಳ್ಬಾರ್ದಾ?" ಅಂತ ರೇಗಿದರು. "ಮಾಮೂಲಿ ಹೊಲಿಗೆ ಹಾಕಿದ್ರೆ ಪುಸ್ತಕ ಮುಚ್ಕೊಂಡುಬಿಡತ್ತೆ. ಅಂಥಾ ಹೊತ್ತಲ್ಲಿ ಪಾಪ, ಆ ಪಾದ್ರಿಗಳು ಪುಟ ಹುಡುಕ್ತಾ ನಿಂತ್ಕೊಳ್ಳೋಕಾಗತ್ತಾ?"

ವಾರ ಬಿಟ್ಟು ಹೋದೆ. ಪುಸ್ತಕವನ್ನು ಅಂಗೈ ಮೇಲೆ ಇಟ್ಟರೆ ಸಾಕು, ತಾನಾಗಿಯೇ ಮೇಣದ ಹನಿಗಳ ಪುಟಕ್ಕೆ ತೆರೆದು ಅಲುಗದೆ ನಿಲ್ಲುತ್ತಿತ್ತು. ಲ್ಯಾಟಿನ್‌ನ ಒಂದಕ್ಷರ ಬಾರದ ರುದ್ರಪ್ಪನವರು ಆ ಪುಸ್ತಕವನ್ನು ನನಗಿಂತ ಚೆನ್ನಾಗಿ ಓದಿದ್ದರು.

ಮನೆಗೆ ತಂದ ಮೇಲೆ ಮಾತ್ರ, ಅದು ತಾನಾಗಿ ತೆರೆದುಕೊಳ್ಳದಿರಲಿ ಅಂತ ಮೇಲೊಂದು ದಪ್ಪ ನಿಘಂಟು ಹೇರಿಟ್ಟಿದ್ದೇನೆ.